ಆಡಳಿತಕ್ಕೆ ಅಂಕ ಕೊಡುವವರು ಯಾರು?

ಯಾವ ಸರಕಾರವೇ ಆಗಲಿ, ವರ್ಷಾಂತ್ಯದಲ್ಲಿ ತಾನು ಮಾಡಿದ ಕೆಲಸದ ವರದಿಯನ್ನು ತಾನೇ ಬರೆದು, ತಾನೇ ಓದಿ, ತಾನೇ ಮೆಚ್ಚಿಕೊಳ್ಳುವುದು ಲೋಕರೂಢಿಯಾಗಿದೆ. ಇಷ್ಟು ಮೈಲಿ ಕೊಳವೆ ಹಾಕಿದೆವು, ಇಷ್ಟು ಸಾವಿರ ಅರ್ಜಿಗಳನ್ನು ವಿಲೇವಾರಿ ಮಾಡಿದೆವು, ಇಷ್ಟು ಕೋಟಿ ರೂಪಾಯಿಗಳನ್ನು ವೆಚ್ಚ ಮಾಡಿದೆವು ಎಂದು ಇಲಾಖೆಗಳು ಸಾರುವುವು. ಈ ಲೆಕ್ಕಗಳು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ಕೊಳವೆಯಲ್ಲಿ ನೀರು ಬಂದಿತೇ, ಬಂದ ನೀರು ಕುಡಿಯಲು ಯೋಗ್ಯವಾಗಿದ್ದಿತೇ, ವಿಲೇವಾರಿಯಾದ ಅರ್ಜಿಯ ಮಾಲಿಕನು ಎಷ್ಟು ಬಾರಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದನು, ಆ ನಡುವೆ ಎಷ್ಟು ಕೈಗಳನ್ನು ಬಿಸಿಮಾಡಬೇಕಾಯಿತು ಎಂಬ ಪ್ರಶ್ನೆಗಳಿಗೆ ಅಂಥ ವರದಿಗಳಲ್ಲಿ ಉತ್ತರವು ದೊರೆಯುವುದಿಲ್ಲ. ಅಡಿಗೆಯವನು ಎಷ್ಟು ಸೌದೆ ಉರಿಸಿದನೆಂಬುದರಿಂದ ಅಡಿಗೆಯ ರುಚಿಯು ತಿಳಿಯದು; ಅದನ್ನು ಉಂಡವನು ಹೇಳಬೇಕು.

ಹಣದ ಲೆಕ್ಕವನ್ನು ನೋಡುವುದಕ್ಕೆ ನಮ್ಮ ರಾಜ್ಯಾಂಗದಲ್ಲಿ ಸ್ವತಂತ್ರನಾದ ಮಹಾಲೇಖಪಾಲನುಂಟು. ಖರ್ಚಾದ ರೂಪಾಯಿಯು ನಿಯಮದಂತೆ ಖರ್ಚಾಯಿತೇ ಎಂಬುದನ್ನು ಆತನು ಶೋಧಿಸಿ ಶಾಸನಸಭೆಯ ಮುಂದಿಡುತ್ತಾನೆ. ಆದರೆ ಆ ರೂಪಾಯಿಯು ಪ್ರಜೆಯ ಮನೆಬಾಗಿಲಿಗೆ ಏನಾಗಿ ಬಂದು ತಲುಪಿತು ಎಂಬುದನ್ನು ಪ್ರಜೆಯಿಂದಲೇ ಕೇಳಿ ತಿಳಿಯತಕ್ಕ ಅಧಿಕಾರಿಯಾಗಲಿ, ನಿಯಮವಾಗಲಿ ನಮ್ಮಲ್ಲಿ ಇಂದಿಗೂ ನೆಲೆಗೊಂಡಿಲ್ಲ. ಐದು ವರ್ಷಗಳಿಗೊಮ್ಮೆ ಮತದ ಪೆಟ್ಟಿಗೆಯು ಈ ಕೆಲಸವನ್ನು ಮಾಡುವುದೆಂದು ಕೆಲವರು ಹೇಳುವರು. ಮತವಾದರೋ ನೂರು ವಿಷಯಗಳಿಗೆ ಒಂದೇ ಉತ್ತರವು. ಮಂತ್ರಿಮಂಡಲವನ್ನು ಇಳಿಸಿದ ಮತದಾರನು ಜಲಮಂಡಳಿಯ ಮೇಲೆ ಸಿಟ್ಟಾಗಿದ್ದನೋ, ಬಸ್ಸಿನವರ ಮೇಲೆಯೋ, ಆಸ್ಪತ್ರೆಯವರ ಮೇಲೆಯೋ ಎಂಬುದನ್ನು ಮತಪತ್ರವು ಹೇಳಲಾರದು.

ಪ್ರಜೆಯ ಅನುಭವವನ್ನು ಕೇಳುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿ ಬಂದಾಗ, ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ದಸರೆಯ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸರಕಾರದ ವರ್ಷದ ಕೆಲಸವನ್ನು ಅದರ ಮುಂದಿಟ್ಟು, ತಾಲ್ಲೂಕುಗಳಿಂದ ಬಂದವರ ಅಹವಾಲುಗಳನ್ನು ಕೇಳುವ ಸಂಪ್ರದಾಯವನ್ನು ಆರಂಭಿಸಿದರು. ಆಗಿನ ಭರತಖಂಡದಲ್ಲಿ ಅದು ದೊಡ್ಡ ಮಾತು. ಆದರೂ ಆ ಸಭೆಗೆ ಮೊದಲು ಬಂದವರು ಭೂಮಾಲಿಕರೂ ವ್ಯಾಪಾರಸ್ಥರೂ ಆಗಿದ್ದರು. ಕೂಲಿಯವನ ಬಾವಿಯ ಸುದ್ದಿಯು ಅವರ ಬಾಯಿಂದ ಎಷ್ಟು ಬಂದೀತು? ಅಹವಾಲಿನ ಪದ್ಧತಿಗೆ ಈ ಕುಂದು ಎಂದೆಂದಿಗೂ ತಪ್ಪಿದ್ದಲ್ಲ. ಬಾಯುಳ್ಳವನು, ಬಿಡುವುಳ್ಳವನು, ಅಧಿಕಾರಿಗೆ ಹೆದರದವನು ದೂರು ಹೇಳುತ್ತಾನೆ, ಉಳಿದವರು ಸುಮ್ಮನಿರುತ್ತಾರೆ. ಅವರು ಸುಮ್ಮನಿದ್ದುದನ್ನೇ ಸರಕಾರವು ಸಂತೃಪ್ತಿಯೆಂದು ಬರೆದುಕೊಳ್ಳುತ್ತದೆ. ಆದುದರಿಂದ ದೂರು ತರುವವನಿಗಾಗಿ ಕಾದು ಕೂಡುವುದನ್ನು ಬಿಟ್ಟು, ಸರ್ವರಲ್ಲಿಯೂ ಸಮನಾಗಿ ಆಯ್ದ ಕೆಲವರ ಮನೆಗೆ ತಾನೇ ಹೋಗಿ ಕೇಳುವುದು ಯುಕ್ತವಾದ ಮಾರ್ಗವು. ಈ ಮಾರ್ಗವು ಕ್ರಮವಾಗಿ, ಅಂಕೆಗಳಲ್ಲಿ, ಬಹಿರಂಗವಾಗಿ ಪ್ರಯೋಗಿಸಲ್ಪಟ್ಟುದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ಎಷ್ಟು ಕನ್ನಡಿಗರು ಬಲ್ಲರು?

ಅಹಮದಾಬಾದಿನ ಆಡಳಿತ ಶಿಕ್ಷಣಸಂಸ್ಥೆಯ ನಿರ್ದೇಶಕರಾಗಿದ್ದು, ಅನಂತರ ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿ ಬೆಂಗಳೂರಿನಲ್ಲಿ ನೆಲಸಿದ ಡಾ. ಸ್ಯಾಮುಯೆಲ್ ಪಾಲ್ ಅವರು, 1993-94ರಲ್ಲಿ ಕೆಲವು ಮಂದಿ ನಾಗರಿಕರನ್ನು ಕೂಡಿಕೊಂಡು ಒಂದು ಸಮೀಕ್ಷೆಯನ್ನು ಕೈಗೊಂಡರು. ನಗರದ ಮಧ್ಯಮವರ್ಗದ ಮನೆಗಳನ್ನೂ ಕೊಳಚೆಪ್ರದೇಶದ ಮನೆಗಳನ್ನೂ ಒಳಗೊಂಡು ಸಾವಿರಕ್ಕೆ ಮೇಲ್ಪಟ್ಟ ಕುಟುಂಬಗಳನ್ನು ಕ್ರಮವಾಗಿ ಆಯ್ದು ಪ್ರಶ್ನಿಸಲಾಯಿತು. ನಗರ ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಜಲಮಂಡಳಿ, ವಿದ್ಯುಚ್ಛಕ್ತಿ ಮಂಡಳಿ, ದೂರವಾಣಿ ಇಲಾಖೆ, ಸಾರಿಗೆ ಅಧಿಕಾರಿಯ ಕಚೇರಿ, ಸರಕಾರಿ ಆಸ್ಪತ್ರೆ ಮೊದಲಾದವುಗಳೊಡನೆ ವ್ಯವಹರಿಸಿದವರನ್ನು, ನಿಮ್ಮ ಕೆಲಸವು ಆಯಿತೇ, ಎಷ್ಟು ಬಾರಿ ಹೋದಿರಿ, ಅಲ್ಲಿನವರು ಹೇಗೆ ನಡೆದುಕೊಂಡರು, ಲಂಚ ಕೊಟ್ಟಿರೇ, ಒಟ್ಟಿನಲ್ಲಿ ತೃಪ್ತರಾದಿರೇ ಎಂದು ಕೇಳಲಾಯಿತು. ಶಾಲೆಯ ಹುಡುಗನಿಗೆ ಉಪಾಧ್ಯಾಯರು ಅಂಕಪಟ್ಟಿ ಕೊಡುವಂತೆ ಇಲಾಖೆಗಳಿಗೆ ಪ್ರಜೆಗಳು ಕೊಟ್ಟ ಅಂಕಪಟ್ಟಿಯಿದು. ಅದಕ್ಕೆ ‘ರಿಪೋರ್ಟ್ ಕಾರ್ಡ್’ ಎಂಬ ಹೆಸರೇ ನಿಂತಿತು. ಈ ಕಾರ್ಯವನ್ನು ಮುಂದುವರಿಸುವುದಕ್ಕಾಗಿ 1994ರಲ್ಲಿ ಬೆಂಗಳೂರಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು.

ಫಲಿತಾಂಶವು ಯಾರಿಗೂ ಹಿತವಾಗುವಂತಿರಲಿಲ್ಲ. ಎಲ್ಲ ಇಲಾಖೆಗಳನ್ನೂ ಸರಾಸರಿ ಹಿಡಿದರೆ ತೃಪ್ತರಾದವರು ನೂರಕ್ಕೆ 9 ಮಂದಿ ಮಾತ್ರ. ಮನೆ ನಿವೇಶನಗಳನ್ನು ಹಂಚುವ ಅಭಿವೃದ್ಧಿ ಪ್ರಾಧಿಕಾರದ ವಿಷಯದಲ್ಲಂತೂ ತೃಪ್ತರು ನೂರಕ್ಕೆ 1! ಬೆಂಗಳೂರಿನವರೆಲ್ಲರೂ ಇದನ್ನು ಮೊದಲೇ ಬಲ್ಲರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳಬಹುದು. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಅಂಗೈ ಹುಣ್ಣನ್ನು ತಾವೇ ನೋಡಿಕೊಂಡು ಗೊಣಗುವುದು ಬೇರೆ. ನಗರದ ಹುಣ್ಣೆಲ್ಲವನ್ನೂ ಒಂದೇ ಕನ್ನಡಿಯಲ್ಲಿ ತೋರಿಸಿ, ಇಂಥ ಕಚೇರಿಯಲ್ಲಿ ಇಷ್ಟು, ಅಂಥ ಕಚೇರಿಯಲ್ಲಿ ಅಷ್ಟು ಎಂದು ಅಂಕೆ ಹಚ್ಚುವುದು ಬೇರೆ. ಗೊಣಗಾಟವನ್ನು ಅಧಿಕಾರಿಯು ಅಲ್ಲಗಳೆಯಬಲ್ಲನು. ಅಂಕೆಯನ್ನು ಅಲ್ಲಗಳೆಯಬೇಕಾದರೆ ತಾನೂ ಒಂದು ಅಂಕೆಯನ್ನು ತಂದು ತೋರಿಸಬೇಕಾಗುತ್ತದೆ. ಪತ್ರಿಕೆಗಳು ಈ ಅಂಕೆಗಳನ್ನು ವಾರವಾರವೂ ಪ್ರಕಟಿಸಿದವು. ಇಲಾಖೆಗಳ ಮುಖ್ಯಾಧಿಕಾರಿಗಳಲ್ಲಿ ಕೆಲವರು ಮುಖ ತಿರುಗಿಸಿದರು. ಕೆಲವರಾದರೋ ವರದಿಯನ್ನು ತರಿಸಿಕೊಂಡು ಓದಿ, ನಾಗರಿಕ ಸಂಘಗಳನ್ನು ಮಾತುಕತೆಗೆ ಕರೆದರು.

1999ರಲ್ಲಿ ಎರಡನೆಯ ಸಲ ಇದೇ ಪ್ರಶ್ನೆಗಳೊಡನೆ ಸಮೀಕ್ಷೆಯು ನಡೆಯಿತು. ಸರಾಸರಿ ತೃಪ್ತಿಯು 9ರಿಂದ 34ಕ್ಕೆ ಏರಿದ್ದಿತು. ಅಭಿವೃದ್ಧಿ ಪ್ರಾಧಿಕಾರದ ಅಂಕವು 1ರಿಂದ 16ಕ್ಕೆ ಬಂದಿದ್ದಿತು. 2003ರ ಮೂರನೆಯ ಸಮೀಕ್ಷೆಯಲ್ಲಿ ಸರಾಸರಿಯು ಸುಮಾರು ಅರ್ಧದ ಮಟ್ಟವನ್ನು ಮುಟ್ಟಿತು. ಇಲ್ಲಿ ವಾಚಕರು ಲಕ್ಷಿಸಬೇಕಾದ ಒಂದು ಸಂಗತಿಯುಂಟು. ಮೊದಲನೆಯ ಮತ್ತು ಎರಡನೆಯ ಸಮೀಕ್ಷೆಗಳ ನಡುವೆ ತೃಪ್ತಿಯು ಏರಿತಾದರೂ ಲಂಚದ ಪಿಡುಗು ಇಳಿಯಲಿಲ್ಲ, ಹೆಚ್ಚೇ ಆಯಿತು. ಅದು ಇಳಿದುದು ಮೂರನೆಯ ಸಮೀಕ್ಷೆಯಲ್ಲಿ. ಅಂದರೆ, ಕೆಲಸವು ಬೇಗ ಆದರೆ ಜನರು ಲಂಚವನ್ನು ಕೊಟ್ಟೂ ತೃಪ್ತರಾಗಬಲ್ಲರು. ‘ತೃಪ್ತಿ’ಯೆಂಬ ಒಂದೇ ಮಾತನ್ನು ಕೇಳಿ ಸಮೀಕ್ಷೆಯನ್ನು ಮುಗಿಸಿದ್ದರೆ, ಲಂಚವು ಬೆಳೆದುದು ಬೆಳಕಿಗೇ ಬರುತ್ತಿರಲಿಲ್ಲ. ಪ್ರಶ್ನೆಯನ್ನು ಬಿಡಿಬಿಡಿಯಾಗಿ ಕೇಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

ಈ ಸುಧಾರಣೆಯೆಲ್ಲವೂ ಅಂಕಪಟ್ಟಿಯೊಂದರಿಂದಲೇ ಆಯಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಹಿಂದೆ ನಗರ ಪಾಲಿಕೆಯ ಕಮಿಶನರರಾಗಿದ್ದು ಮುಂದೆ ರಾಜ್ಯದ ಮುಖ್ಯ ಕಾರ್ಯದರ್ಶಿಗಳಾದ ಎ. ರವೀಂದ್ರ ಅವರು ವಿಶ್ವಬ್ಯಾಂಕಿಗಾಗಿ 2004ರಲ್ಲಿ ಈ ವಿಷಯವನ್ನೇ ವಿಮರ್ಶಿಸಿದರು. ಅಂಕಪಟ್ಟಿಯು ಅಧಿಕಾರಿಗಳನ್ನು ಎಚ್ಚರಿಸಿತೆಂಬುದು ನಿಜ; ಆದರೆ ಅದರ ಜೊತೆಗೆ ಬೇರೆ ಕಾರಣಗಳೂ ಕೂಡಿಬಂದಿದ್ದವು. 1999ರಲ್ಲಿ ಎಸ್. ಎಂ. ಕೃಷ್ಣ ಅವರ ಸರಕಾರವು ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಕಾರ್ಯಪಡೆಯನ್ನು ನೇಮಿಸಿತು. ಇಲಾಖೆಯ ಮುಖ್ಯಸ್ಥರು ಜನರ ಎದುರಿಗೆ ನಿಂತು ತಮ್ಮ ವಾಗ್ದಾನಗಳನ್ನು ಹೇಳಿ, ಕೆಲವು ತಿಂಗಳ ಅನಂತರ ಅವುಗಳ ಲೆಕ್ಕವನ್ನು ಒಪ್ಪಿಸುವ ಬಹಿರಂಗ ಸಭೆಗಳು ನಡೆದವು. 2000ದಲ್ಲಿ ಮನೆಗಂದಾಯವನ್ನು ಮನೆಯವನೇ ಲೆಕ್ಕ ಹಾಕಿ ಕಟ್ಟುವ ಪದ್ಧತಿಯು ಬಂದು, ಕಂದಾಯದ ಗುಮಾಸ್ತನ ಇಷ್ಟಾನಿಷ್ಟಗಳಿಗೆ ಎಡೆಯು ಕಡಿಮೆಯಾಯಿತು. ದೂರವಾಣಿಯ ವಿಷಯದಲ್ಲಿಯಂತೂ ಯಂತ್ರಗಳೂ ಪೈಪೋಟಿಯೂ ಬಂದುದರಿಂದಲೇ ವರ್ಷಗಟ್ಟಲೆ ಕಾಯುವ ದುರವಸ್ಥೆಯು ತಪ್ಪಿತು. ಮಳೆ ಬಂದ ಮೇಲೆ ಬೆಳೆ ಬಂದಿತೆಂದು ಗೊಬ್ಬರದವನೂ ಬೀಜದವನೂ ಇಬ್ಬರೂ ಹೆಮ್ಮೆಪಡಬಹುದು. ಯಾರ ಪಾಲು ಎಷ್ಟೆಂದು ತೂಗಿ ಹೇಳುವುದು ಕಷ್ಟ. ನಾವು ಹೇಳುವುದಿಷ್ಟೇ: ಅಂಕಪಟ್ಟಿಯಿಲ್ಲದಿದ್ದರೆ ಬೆಳೆ ಬಂದಿತೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ.

ಇತರ ದೇಶಗಳೂ ಇದೇ ಕಾಲದಲ್ಲಿ ಇದೇ ದಾರಿಯನ್ನು ಹಿಡಿದವು. ಇಂಗ್ಲೆಂಡಿನಲ್ಲಿ ಪ್ರಧಾನಿ ಜಾನ್ ಮೇಜರ್ 1991ರಲ್ಲಿ ‘ಪ್ರಜೆಯ ಸನ್ನದು’ ಎಂಬುದನ್ನು ಸಾರಿ, ಪ್ರತಿಯೊಂದು ಇಲಾಖೆಯೂ ತನ್ನಿಂದ ಏನನ್ನು ನಿರೀಕ್ಷಿಸಬಹುದೆಂಬುದನ್ನು ಜನರಿಗೆ ತಿಳಿಸಬೇಕೆಂದರು. ಅಮೆರಿಕೆಯ ಅಧ್ಯಕ್ಷ ಕ್ಲಿಂಟನ್ 1993ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಒಕ್ಕೂಟ ಸರಕಾರದ ಇಲಾಖೆಗಳು ತಾವು ಸೇವೆ ಸಲ್ಲಿಸುವ ಜನರನ್ನೇ ವಿಚಾರಿಸಿ ತಮ್ಮ ಕೆಲಸದ ಮಟ್ಟವನ್ನು ಗೊತ್ತುಮಾಡಿಕೊಳ್ಳಬೇಕೆಂದು ವಿಧಿಸಿದರು. ನಮ್ಮ ದೇಶದಲ್ಲಿ 1997ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಕೂಡಿದ ಮುಖ್ಯಮಂತ್ರಿಗಳ ಸಮ್ಮೇಳನವು ಸನ್ನದುಗಳನ್ನು ಒಪ್ಪಿಕೊಂಡಿತು. ಅಲ್ಲಿಂದೀಚೆಗೆ ಕಚೇರಿಗಳ ಗೋಡೆಗಳ ಮೇಲೆ ಸನ್ನದುಗಳ ಹಲಗೆಗಳು ತೂಗತೊಡಗಿದವು. ಹಲಗೆಯಲ್ಲಿ ಬರೆದಂತೆ ನಡೆಯಿತೇ ಎಂದು ಕೇಳುವವರು ಮಾತ್ರ ವಿರಳರಾದರು.

ಇನ್ನು ಈ ಪದ್ಧತಿಗೆ ಅಧಿಕಾರಿವರ್ಗದಿಂದ ಬರುವ ಆಕ್ಷೇಪಗಳನ್ನು ನ್ಯಾಯವಾಗಿ ತೂಗಿ ನೋಡೋಣ.

ಮೊದಲನೆಯ ಆಕ್ಷೇಪವು: ಒಂದು ಕೋಟಿ ಜನರಿರುವ ನಗರದಲ್ಲಿ ಸಾವಿರ ಮಂದಿಯನ್ನು ಕೇಳಿದರೆ ಏನು ತಿಳಿದೀತು? ಅನ್ನ ಬೆಂದಿದೆಯೇ ಎಂದು ನೋಡಲು ಗೃಹಿಣಿಯು ಪಾತ್ರೆಯ ಅನ್ನವನ್ನೆಲ್ಲ ಹಿಸುಕುವುದಿಲ್ಲ, ಒಂದಗುಳು ಸಾಕು. ಗಣಿತಶಾಸ್ತ್ರದ ಪ್ರಕಾರ, ಯಾವ ಪಕ್ಷಪಾತವೂ ಇಲ್ಲದೆ ಚೀಟಿಯೆತ್ತಿದಂತೆ ಆಯ್ದ ಸಾವಿರ ಮಂದಿಯ ಉತ್ತರವು, ಇಡೀ ನಗರದ ಉತ್ತರಕ್ಕೆ ನೂರಕ್ಕೆ ಮೂರರಷ್ಟು ಆಚೀಚೆ ಮಾತ್ರ ಇರುವುದು ಬಹುಮಟ್ಟಿಗೆ ಖಂಡಿತವು. ಆದರೆ ‘ಪಕ್ಷಪಾತವಿಲ್ಲದೆ’ ಎಂಬ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಅನ್ನವನ್ನು ತಿರುವದೆ ಮೇಲಿನ ಅಗುಳನ್ನಷ್ಟೇ ಹಿಸುಕಿದವಳು ಮೋಸಹೋಗುವಳು. ಇಂದು ಅನೇಕ ಇಲಾಖೆಗಳು ಕೈಫೋನಿನ ಮೂಲಕ ‘ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ’ ಎಂದು ಕೇಳಿ, ತಾವಾಗಿ ಉತ್ತರಿಸಿದ ಲಕ್ಷಾಂತರ ಮಂದಿಯ ಅಂಕೆಯನ್ನು ಹೆಮ್ಮೆಯಿಂದ ಪ್ರಕಟಿಸುತ್ತವೆ. ತಾವಾಗಿ ಬಂದ ಲಕ್ಷ ಮಂದಿಗಿಂತ ಚೀಟಿಯೆತ್ತಿ ಆಯ್ದ ಸಾವಿರ ಮಂದಿಯ ಮಾತು ಹೆಚ್ಚು ನಂಬತಕ್ಕುದು.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು: ತೃಪ್ತಿಯು ಮನಸ್ಸಿನ ಧರ್ಮವು, ಅದು ಸೇವೆಯನ್ನು ಹೇಗೋ ಹಾಗೆ ನಿರೀಕ್ಷೆಯನ್ನೂ ಅವಲಂಬಿಸಿದೆ. ವಾರಕ್ಕೆರಡು ಸಲ ನೀರು ಬರುವುದೇ ಲೋಕದ ನಿಯಮವೆಂದು ಬಗೆದ ಬಡವನು ಮೂರನೆಯ ಸಲ ಬಂದರೆ ತೃಪ್ತನಾಗುತ್ತಾನೆ. ದಿನವೆಲ್ಲ ನೀರನ್ನು ಕಂಡ ಧನಿಕನು ಒಂದು ಗಂಟೆ ನಿಂತರೆ ಅತೃಪ್ತನಾಗುತ್ತಾನೆ. ಈ ಎರಡು ಉತ್ತರಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಿದರೆ, ಧನಿಕರ ಬಡಾವಣೆಗೇ ಇನ್ನಷ್ಟು ನೀರು ಹರಿದೀತು! ಈ ಆಕ್ಷೇಪವು ನಿಜವಾದುದು. ಆದರೆ ಇದಕ್ಕೆ ಪರಿಹಾರವು ಸಮೀಕ್ಷೆಯನ್ನು ಬಿಡುವುದರಲ್ಲಿಲ್ಲ. ಮನಸ್ಸಿಗೆ ಏನನ್ನಿಸಿತೆಂದು ಕೇಳುವುದಕ್ಕಿಂತ ಮೊದಲು ಏನಾಯಿತೆಂದು ಕೇಳಬೇಕು. ಕಳೆದ ವಾರ ಎಷ್ಟು ದಿನ ನೀರು ಬಂದಿತು? ಎಷ್ಟು ಗಂಟೆ? ಆ ನೀರನ್ನು ಹಿಡಿಯಲು ಮನೆಯಲ್ಲಿ ಯಾರು ಎದ್ದು ಕುಳಿತಿದ್ದರು? ಟ್ಯಾಂಕರಿನವನಿಗೆ ಎಷ್ಟು ಕೊಟ್ಟಿರಿ? ಇವು ಸಂಗತಿಗಳು, ನಿರೀಕ್ಷೆಯು ಇವುಗಳನ್ನು ಬದಲಿಸಲಾರದು.

ಮೂರನೆಯ ಆಕ್ಷೇಪವನ್ನು ನಾವೇ ಎತ್ತುತ್ತೇವೆ. ಏಕೆಂದರೆ ಇದನ್ನು ಸಮೀಕ್ಷೆಯ ಭಕ್ತರು ಮರೆಯುವುದುಂಟು. ಸರಕಾರದ ಎಲ್ಲ ಕೆಲಸವೂ ಅಂಗಡಿಯ ಮಾರಾಟದಂತಲ್ಲ. ಕೆಲವೆಡೆ ಕಚೇರಿಯ ಧರ್ಮವು ‘ಆಗದು’ ಎನ್ನುವುದು. ದಿಲ್ಲಿಯಲ್ಲಿ ವಾಹನ ಓಡಿಸುವ ಲೈಸೆನ್ಸಿಗೆ ಅರ್ಜಿ ಹಾಕಿದ 822 ಮಂದಿಯನ್ನು ಹಿಂಬಾಲಿಸಿ, ಅರ್ಥಶಾಸ್ತ್ರಜ್ಞರು ನಡೆಸಿದ ಒಂದು ಪರೀಕ್ಷೆಯ ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಲೈಸೆನ್ಸು ಪಡೆದವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಕಚೇರಿಯ ಚಾಲನಾ ಪರೀಕ್ಷೆಗೆ ಕೂತವರೇ ಅಲ್ಲ. ದಲಾಲರ ಮೂಲಕ ಕೆಲಸವನ್ನು ಮುಗಿಸಿಕೊಂಡಿದ್ದರು. ಸ್ವತಂತ್ರವಾಗಿ ಪರೀಕ್ಷಿಸಿದಾಗ, ಲೈಸೆನ್ಸು ಉಳ್ಳವರಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕಿದವರಿಗೆ ವಾಹನ ನಡೆಸಲು ಬರುತ್ತಿರಲಿಲ್ಲ! ಈ ಮಹನೀಯರನ್ನು ‘ಸೇವೆಯಿಂದ ತೃಪ್ತರಾದಿರೇ’ ಎಂದು ಕೇಳಿದರೆ ಏನೆಂದಾರು? ಅತೃಪ್ತರಾಗಬೇಕಾದವರು ನಾಳೆ ಅವರ ಗಾಡಿಯ ಗಾಲಿಗೆ ಸಿಕ್ಕುವವರು. ಅವರನ್ನು ಯಾರೂ ಕೇಳುವುದಿಲ್ಲ. ಅದರಂತೆಯೇ ಕಾರ್ಖಾನೆಯ ಹೊಗೆಯನ್ನು ತಡೆಯಬೇಕಾದ ಅಧಿಕಾರಿಗೆ ಕಾರ್ಖಾನೆಯ ಮಾಲಿಕನು ಅಂಕ ಕೊಡತಕ್ಕುದಲ್ಲ. ಹೊಗೆಯನ್ನು ಕುಡಿಯುವ ನೆರೆಯವನು ಕೊಡತಕ್ಕುದು. ಆದುದರಿಂದ ಯಾವ ನೀತಿಯನ್ನು ಅಳೆಯುವಾಗಲೂ ‘ಇದರ ಫಲವನ್ನು ಉಣ್ಣುವವರು ಯಾರು?’ ಎಂಬ ಪ್ರಶ್ನೆಯನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಇದರೊಡನೆ ಸೇರಿದ ಇನ್ನೊಂದು ಮಾತು. ಸೇವೆಯನ್ನು ಪಡೆದವರನ್ನಷ್ಟೇ ಕೇಳಿದರೆ ಬಾಗಿಲಿನಿಂದಲೇ ಹಿಂದಿರುಗಿದವರು ಲೆಕ್ಕಕ್ಕೆ ಬಾರರು. ಪಡಿತರದ ಅಂಗಡಿಯ ಸಾಲಿನಲ್ಲಿ ನಿಂತವರು ಅಕ್ಕಿಯ ತೂಕದ ಬಗ್ಗೆ ಹೇಳಬಲ್ಲರು. ಕಾರ್ಡೇ ಇಲ್ಲದವನು ಆ ಸಾಲಿನಲ್ಲಿಯೇ ಇಲ್ಲ. ನಮ್ಮ ರಾಜ್ಯದ ‘ಸಕಾಲ’ ಯೋಜನೆಯನ್ನು ಈ ದೃಷ್ಟಿಯಿಂದ ನೋಡಬಹುದು. 2011ರ ಕಾಯಿದೆಯ ಆಧಾರದಿಂದ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಆರಂಭವಾದ ಈ ಯೋಜನೆಯು, ಮೊದಲಿಗೆ 151 ಸೇವೆಗಳಿಗೆ ಇಂತಿಷ್ಟು ದಿನಗಳೆಂದು ಗಡುವನ್ನು ಕಟ್ಟಿತು. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳವರೆಗೆ ಅರ್ಜಿದಾರನಿಗೆ ಪರಿಹಾರವನ್ನು ಗೊತ್ತುಮಾಡಿತು. ಇದು ಸ್ತುತ್ಯವಾದ ಕಾರ್ಯವು. ಇದನ್ನು ತಂದವರನ್ನು ನಾವು ಅಭಿನಂದಿಸುತ್ತೇವೆ. ಆದರೆ ಇಲ್ಲಿ ಗಡಿಯಾರವು ಓಡತೊಡಗುವುದು ಅರ್ಜಿಯು ಸ್ವೀಕೃತವಾಗಿ ನಂಬರು ಬಿದ್ದ ಮೇಲೆ. ‘ಈ ಕಾಗದವಿಲ್ಲ, ನಾಳೆ ಬಾ’ ಎಂದು ಹಿಂದಕ್ಕೆ ಕಳುಹಿಸಲ್ಪಟ್ಟವನಿಗೆ ನಂಬರೂ ಇಲ್ಲ, ಗಡುವೂ ಇಲ್ಲ. ಗಡಿಯಾರವು ಕಚೇರಿಯ ಗೋಡೆಯ ಮೇಲಿದೆ. ಅದಕ್ಕೆ ಬೀದಿಯು ಕಾಣಿಸುವುದಿಲ್ಲ. ಇಲಾಖೆಯ ಗಡಿಯಾರವು ತೋರಿಸುವುದನ್ನೂ ಅರ್ಜಿದಾರನ ಬಾಯಿಂದ ಬಂದುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಸತ್ಯವು ಹೊರಬೀಳುವುದು.

ನಾಲ್ಕನೆಯದು, ಅಂಕಕ್ಕೆ ಬಹುಮಾನವು ಗಂಟುಬಿದ್ದಾಗ ಆಗುವ ಅನರ್ಥವು. ಕೇಂದ್ರ ಸರಕಾರವು 2016ರಲ್ಲಿ 73 ನಗರಗಳೊಡನೆ ಆರಂಭಿಸಿದ ಸ್ವಚ್ಛ ಸರ್ವೇಕ್ಷಣದಲ್ಲಿ ನಮ್ಮ ಮೈಸೂರು ಮೊದಲನೆಯ ಸ್ಥಾನವನ್ನು ಪಡೆದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ವಿಷಯವು. ಆ ಪರೀಕ್ಷೆಯ ಅಂಕಗಳಲ್ಲಿ ಒಂದು ಪಾಲು ನಾಗರಿಕರ ಅಭಿಪ್ರಾಯಕ್ಕೆ ಮೀಸಲಾಗಿತ್ತು. ಉದ್ದೇಶವು ಒಳ್ಳೆಯದೇ. ಆದರೆ ಪಂಕ್ತಿಯಲ್ಲಿ ಮೇಲಿನ ಸ್ಥಾನವನ್ನು ಬಯಸುವ ಪಾಲಿಕೆಯು ಚರಂಡಿಯನ್ನು ತೋಡುವುದಕ್ಕಿಂತ ಅಭಿಪ್ರಾಯವನ್ನು ತೋಡುವುದು ಸುಲಭವೆಂದು ಕಂಡುಕೊಳ್ಳುವ ಅಪಾಯವು ಇಂಥ ಏರ್ಪಾಡಿನಲ್ಲಿ ಇದ್ದೇ ಇರುತ್ತದೆ. ನಗರದ ಮಾನಕ್ಕಾಗಿ ಒಳ್ಳೆಯ ಉತ್ತರವನ್ನೇ ಕೊಡಿರೆಂದು ನಾಗರಿಕರಿಗೆ ಕರೆಕೊಡುವ ಪಾಲಿಕೆಯು ತನ್ನ ಅಂಕಪಟ್ಟಿಯನ್ನು ತಾನೇ ಬರೆದುಕೊಂಡಂತೆ. ಪರೀಕ್ಷೆಗೆ ಕೂತವನೇ ಪರೀಕ್ಷಕನನ್ನು ಮನೆಗೆ ಕರೆತಂದು ಉಪಚರಿಸಿದರೆ ಆ ಅಂಕಕ್ಕೆ ಬೆಲೆಯೇನು?

ಅಂಕಪಟ್ಟಿಯೊಂದೇ ರಾಮಬಾಣವಲ್ಲವೆಂಬುದಕ್ಕೆ ಆಫ್ರಿಕದ ಉಗಾಂಡ ದೇಶದ ಅನುಭವವು ಒಳ್ಳೆಯ ಪಾಠವಾಗಿದೆ. ಅಲ್ಲಿ ಒಂಬತ್ತು ಜಿಲ್ಲೆಗಳ 50 ಗ್ರಾಮಾಂತರ ಔಷಧಾಲಯಗಳನ್ನು ಆಯ್ದು, ಅವುಗಳಲ್ಲಿ ಅರ್ಧದಷ್ಟು ಕಡೆ ರೋಗಿಗಳ ಅನುಭವವನ್ನು ಅಂಕಪಟ್ಟಿಯಾಗಿ ಬರೆದು, ಊರವರನ್ನೂ ವೈದ್ಯ ಸಿಬ್ಬಂದಿಯನ್ನೂ ಒಂದೆಡೆ ಕೂಡಿಸಿ ಓದಿ ಹೇಳಿ, ಮುಂದೇನು ಮಾಡತಕ್ಕದ್ದೆಂದು ಒಪ್ಪಂದ ಮಾಡಿಸಲಾಯಿತು. ಒಂದು ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳ ಮರಣವು ಮೂರನೆಯ ಒಂದರಷ್ಟು ಇಳಿಯಿತೆಂದು 2009ರಲ್ಲಿ ಪ್ರಕಟವಾದ ವರದಿಯು ಸಾರಿ, ಲೋಕವನ್ನೇ ಬೆರಗುಗೊಳಿಸಿತು. ಕೆಲವು ವರ್ಷಗಳ ಅನಂತರ ಅದೇ ದೇಶದಲ್ಲಿ ಬೇರೆ ಸಂಶೋಧಕರು 376 ಆರೋಗ್ಯಕೇಂದ್ರಗಳಲ್ಲಿ ಇದೇ ಬಗೆಯ ಪ್ರಯೋಗವನ್ನು ಮಾಡಿನೋಡಿದರು. ಚಿಕಿತ್ಸೆಯ ಗುಣದಲ್ಲಿಯೂ ರೋಗಿಗಳ ತೃಪ್ತಿಯಲ್ಲಿಯೂ ಅಲ್ಪಸ್ವಲ್ಪ ಸುಧಾರಣೆಯು ಕಂಡಿತು. ಮಕ್ಕಳ ಮರಣದಲ್ಲಿ ಇಳಿತವು ಕಾಣಲಿಲ್ಲ. ಇದರಿಂದ ನಾವು ಕಲಿಯತಕ್ಕುದೇನು? ಪ್ರಜೆಯು ಅಂಕ ಕೊಟ್ಟ ಮಾತ್ರಕ್ಕೆ ಔಷಧವಿಲ್ಲದ ಕಪಾಟಿನಲ್ಲಿ ಔಷಧವು ತುಂಬದು. ಕೆಳಗಿನ ದಾದಿಯ ನಡತೆಯು ಬದಲಾಗಬಹುದು, ಮೇಲಿನ ಖಜಾನೆಯ ಬಾಗಿಲು ತೆರೆಯಬೇಕಾದರೆ ಬೇರೆ ಕೈ ಬೇಕು. ಅಂಕಪಟ್ಟಿಯು ಅಧಿಕಾರವುಳ್ಳವನ ಮೇಜಿಗೆ ತಲುಪಿ, ಅವನು ಉತ್ತರ ಹೇಳಲೇಬೇಕಾದ ಕಟ್ಟುಪಾಡಿದ್ದರೆ ಮಾತ್ರ ಅದು ಫಲಿಸುವುದು.

ಈ ವಿಚಾರವೆಲ್ಲವೂ ಪ್ರಕೃತ ನಮಗೆ ಏಕೆ ಮುಖ್ಯವಾಗಿದೆಯೆಂದರೆ, ಅಂಕಪಟ್ಟಿಯು ಹುಟ್ಟಿದ ಬೆಂಗಳೂರಿನ ಆಡಳಿತವೇ ಹೊಸ ರೂಪವನ್ನು ತಾಳಿದೆ. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿಯು ಮುಗಿಯಿತು. ಅಲ್ಲಿಂದ 2025ರ ವರೆಗೆ, ಐದು ವರ್ಷಗಳ ಪರ್ಯಂತ, ಕೋಟಿ ಜನರ ನಗರವು ಒಬ್ಬನೇ ಒಬ್ಬ ಚುನಾಯಿತ ಪಾಲಿಕೆ ಸದಸ್ಯನಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯು 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಅದೇ ಸೆಪ್ಟೆಂಬರಿನಲ್ಲಿ ಹಳೆಯ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳೂ ಅವುಗಳ ಮೇಲೆ ಒಂದು ಪ್ರಾಧಿಕಾರವೂ ಏರ್ಪಟ್ಟವು. ಒಂದನ್ನು ಐದು ಮಾಡಿದರೆ ಆಡಳಿತವು ಪ್ರಜೆಗೆ ಹತ್ತಿರವಾಗುವುದೆಂದು ಸರಕಾರದ ವಾದ. ಒಂದು ನಗರವು ಛಿದ್ರವಾಗುವುದೆಂದೂ, ಮೇಲಿನ ಪ್ರಾಧಿಕಾರವೇ ಎಲ್ಲವನ್ನೂ ನುಂಗುವುದೆಂದೂ ವಿರೋಧಿಗಳ ವಾದ. ಸಭೆಗಳಲ್ಲಿ ಎರಡು ಪಕ್ಷದವರೂ ಗಂಟಲು ಹರಿಯುವಂತೆ ವಾದಿಸಿದರು. ಈ ವಾದವನ್ನು ಗಂಟಲಿನಿಂದ ತೀರ್ಮಾನಿಸಲಾಗದು. ಪ್ರಜೆಯ ಮನೆಯ ಕಸವು ಮೊದಲಿಗಿಂತ ಬೇಗ ಹೋಗುತ್ತಿದೆಯೇ, ಬೀದಿಯ ಹಳ್ಳವು ಮೊದಲಿಗಿಂತ ಬೇಗ ಮುಚ್ಚುತ್ತಿದೆಯೇ, ಖಾತೆಯು ಲಂಚವಿಲ್ಲದೆ ದೊರೆಯುತ್ತಿದೆಯೇ ಎಂಬುದರಿಂದ ತೀರ್ಮಾನವಾಗಬೇಕು. ಹಾಗೆ ತೀರ್ಮಾನಿಸಬೇಕಾದರೆ ಆರಂಭದ ದಿನಗಳ ಸ್ಥಿತಿಯು ಅಂಕೆಯಲ್ಲಿ ಬರೆದಿರಬೇಕು. 1994ರ ಅಂಕಪಟ್ಟಿಯಿದ್ದುದರಿಂದಲೇ 1999ರ ಏರಿಕೆಯು ಅರ್ಥವಾಯಿತೆಂಬುದನ್ನು ನಾವು ಮರೆಯಲಾಗದು.

ಆದುದರಿಂದ ಸರಕಾರದ ಮುಂದೆಯೂ ಜನತೆಯ ಮುಂದೆಯೂ ನಾವು ಕೆಲವು ಸೂಚನೆಗಳನ್ನು ಇಡಬಯಸುತ್ತೇವೆ. ಒಂದನೆಯದಾಗಿ, ಐದು ಪಾಲಿಕೆಗಳಲ್ಲಿಯೂ ಜಲಮಂಡಳಿ, ವಿದ್ಯುತ್ತು, ಬಸ್ಸು ಮೊದಲಾದ ಸಂಸ್ಥೆಗಳಲ್ಲಿಯೂ ಪ್ರತಿವರ್ಷವೂ ಒಂದೇ ಪ್ರಶ್ನೆಗಳೊಡನೆ ಸಮೀಕ್ಷೆಯು ನಡೆಯಬೇಕು. ವರ್ಷಕ್ಕೊಂದು ಪ್ರಶ್ನೆಯನ್ನು ಬದಲಿಸಿದರೆ ಹೋಲಿಕೆಯು ಅಸಾಧ್ಯವು. ಎರಡನೆಯದಾಗಿ, ಅದನ್ನು ನಡೆಸುವವರು ಅಂಕ ಪಡೆಯುವ ಇಲಾಖೆಗೆ ಅಧೀನರಾಗಿರಕೂಡದು. ವಿಶ್ವವಿದ್ಯಾಲಯಗಳೋ ಸ್ವತಂತ್ರ ಸಂಸ್ಥೆಗಳೋ ಆಗಿರಬೇಕು. ಉತ್ತರ ಕೊಟ್ಟವನ ಹೆಸರು ಎಂದಿಗೂ ಹೊರಬೀಳಬಾರದು. ಮೂರನೆಯದಾಗಿ, ಪ್ರಶ್ನೆಗಳು ಸಂಗತಿಯನ್ನು ಮೊದಲು, ತೃಪ್ತಿಯನ್ನು ಆಮೇಲೆ ಕೇಳಬೇಕು. ಲಂಚದ ಪ್ರಶ್ನೆಯು ಬೇರೆಯಾಗಿಯೇ ಇರಬೇಕು. ನಾಲ್ಕನೆಯದಾಗಿ, ಕೊಳಚೆಪ್ರದೇಶಗಳಿಗೂ, ಸೇವೆಯನ್ನು ಕೇಳಿ ಸಿಕ್ಕದೆ ಹೋದವರಿಗೂ ಅವರ ಸಂಖ್ಯೆಗೆ ತಕ್ಕ ಸ್ಥಾನವಿರಬೇಕು. ಐದನೆಯದಾಗಿ, ಫಲಿತಾಂಶವು ಕನ್ನಡದಲ್ಲಿ, ವಾರ್ಡುವಾರಾಗಿ ಪ್ರಕಟವಾಗಬೇಕು. ಇಂಗ್ಲಿಷಿನಲ್ಲಿ ಮುನ್ನೂರು ಪುಟಗಳ ಗ್ರಂಥವಾಗಿ ಕಪಾಟಿನಲ್ಲಿ ಕೂತರೆ ಅದು ಪ್ರಜೆಗೆ ತಲುಪಿದಂತಲ್ಲ. ಕೊನೆಯದಾಗಿ, ಪ್ರಕಟವಾದ ಮೂರು ತಿಂಗಳೊಳಗೆ ಪ್ರತಿಯೊಂದು ಇಲಾಖೆಯ ಮುಖ್ಯಸ್ಥನೂ ಬಹಿರಂಗ ಸಭೆಯಲ್ಲಿ ನಿಂತು, ಈ ಕೊರತೆಗೆ ಈ ಪರಿಹಾರವೆಂದು ಉತ್ತರ ಹೇಳಬೇಕು. ಮುಂದಿನ ವರ್ಷದ ಅಂಕಪಟ್ಟಿಯು ಆ ಮಾತನ್ನು ಪರೀಕ್ಷಿಸಲಿ.

ಇದಕ್ಕೆ ತಗಲುವ ಹಣವು ಅತ್ಯಲ್ಪವು. ಒಂದು ಮೇಲ್ಸೇತುವೆಯ ವೆಚ್ಚದ ಮುಂದೆ ಕೆಲವು ಸಾವಿರ ಮನೆಗಳಿಗೆ ಹೋಗಿ ಕೇಳುವ ವೆಚ್ಚವು ಲೆಕ್ಕಕ್ಕೇ ಬಾರದು. ತಗಲುವುದು ಹಣವಲ್ಲ, ಧೈರ್ಯವು. ತನಗೆ ನೂರಕ್ಕೆ 1 ಅಂಕ ಬಂದಿತೆಂಬುದನ್ನು ಎದುರುನೋಡಿ ಅದನ್ನು ಅಚ್ಚುಹಾಕಿಸಬಲ್ಲ ಸರಕಾರವು ಬೇಕು.

ಅಧಿಕಾರಿಗಳಾದ ವಾಚಕರಿಗೆ ನಮ್ಮ ಒಂದು ಮಾತು. ನಿಮ್ಮಲ್ಲಿ ಬಹುಮಂದಿ ಪ್ರಾಮಾಣಿಕರು. ನಿಮ್ಮ ಮೇಲಿನವರು ನಿಮ್ಮನ್ನು ಅಳೆಯುವುದು ಕಡತಗಳಿಂದ. ಕಡತಕ್ಕೆ ಪ್ರಾಮಾಣಿಕನೂ ಅಪ್ರಾಮಾಣಿಕನೂ ಒಂದೇ ಸಮನಾಗಿ ಕಾಣಿಸುತ್ತಾರೆ. ಪ್ರಜೆಗೆ ಹಾಗೆ ಕಾಣಿಸುವುದಿಲ್ಲ. ಜನರ ಅಂಕಪಟ್ಟಿಯನ್ನು ಶತ್ರುವೆಂದು ಬಗೆಯಬೇಡಿರಿ. ಒಳ್ಳೆಯ ಕೆಲಸಗಾರನಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯು ದೊರೆಯದು. ಪಟ್ಟಣಿಗರಾದ ವಾಚಕರಿಗೂ ಒಂದು ಮಾತು. ಪ್ರಶ್ನೆ ಕೇಳುವವನು ಬಾಗಿಲಿಗೆ ಬಂದಾಗ ‘ನಮಗೇಕೆ’ ಎಂದು ಬಾಗಿಲು ಹಾಕಬೇಡಿರಿ. ನಿಮಗೆ ಬಲ್ಲ ಅಮಲ್ದಾರನಿದ್ದಾನೆಂದು ಸುಮ್ಮನಿರಬೇಡಿರಿ. ಲಂಚ ಕೊಟ್ಟಿದ್ದರೆ ಕೊಟ್ಟೆನೆಂದೂ, ಕೆಲಸವು ಸುಗಮವಾಗಿ ಆಗಿದ್ದರೆ ಆಯಿತೆಂದೂ ಇದ್ದುದನ್ನು ಇದ್ದಂತೆ ಹೇಳಿರಿ. ಸ್ವರಾಜ್ಯವೆಂದರೆ ನಮ್ಮವರು ನಮ್ಮನ್ನು ಆಳುವುದಷ್ಟೇ ಅಲ್ಲ. ಆಳುವವರ ಕೆಲಸಕ್ಕೆ ನಾವು ಅಂಕ ಕೊಡುವುದೂ, ಕೊಟ್ಟ ಅಂಕಕ್ಕೆ ಅವರು ಉತ್ತರ ಹೇಳುವುದೂ ಹೌದು. ಈ ಪದ್ಧತಿಯನ್ನು ಲೋಕಕ್ಕೆ ತೋರಿಸಿಕೊಟ್ಟ ನಗರದಲ್ಲಿಯೇ ಅದು ಹಳೆಯ ಕಡತವಾಗಿ ಧೂಳು ಹಿಡಿಯದಂತೆ ನೋಡಿಕೊಳ್ಳುವುದು ಕನ್ನಡಿಗರ ಕರ್ತವ್ಯವು.